ಅತ್ತೆ ಹಗಲು ಬಳೆ ಹುಡುಕುತ್ತಾರೆ, ಸಂಜೆ ಮನೆ ಹುಡುಕುತ್ತಾರೆ

ಪ್ರಶ್ನೆ: ಅತ್ತೆಗೆ 76 ವರ್ಷ. ಎರಡು ವರ್ಷದಿಂದ ಮರೆವು. ಚಿನ್ನದ ಬಳೆ ನಾನೇ ಕದ್ದೆ ಎಂದು ಬಂದವರ ಮುಂದೆಲ್ಲ ಹೇಳುತ್ತಾರೆ. ಸಂಜೆಯಾದರೆ ಸೆರಗು ಸರಿಮಾಡಿಕೊಂಡು, ‘ಮನೆಗೆ ಹೋಗ್ಬೇಕು, ಅಮ್ಮ ಕಾಯ್ತಿರ್ತಾಳೆ’ ಎಂದು ಬಾಗಿಲಿಗೆ ಬರುತ್ತಾರೆ. ಇದೇ ನಿಮ್ಮ ಮನೆ, ನಿಮ್ಮಮ್ಮ ತೀರಿಹೋಗಿ ಎಷ್ಟೋ ವರ್ಷವಾಯಿತು ಎಂದರೆ ಅಳು, ಬೈಗುಳ. ಸ್ನಾನಕ್ಕೆ ಕರೆದರೆ ಹೊಡೆಯಲು ಬರುತ್ತಾರೆ. ಯಜಮಾನರು ಮನೆಗೆ ಬರುವುದೇ ರಾತ್ರಿ. ನಾದಿನಿ ಫೋನಿನಲ್ಲಿ ಬುದ್ಧಿ ಹೇಳುತ್ತಾರೆ. ಆಶ್ರಮಕ್ಕೆ ಸೇರಿಸಿದರೆ ಪಾಪವೇ? ನನಗೆ ನಿದ್ದೆಯೇ ಇಲ್ಲ.
– ಹೆಸರು ಬೇಡ, ತುಮಕೂರು

ಉತ್ತರ: ನಾಲ್ಕು ಜನರೆದುರು ಕಳ್ಳಿ ಎನಿಸಿಕೊಂಡು, ಮತ್ತೆ ಅವರಿಗೇ ಅನ್ನ ಕಲಸಿ ಕೊಡುತ್ತಿದ್ದೀರಿ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ.

ವಯಸ್ಸಾಯಿತು, ಅರಳುಮರಳು ಎಂದು ಬಿಟ್ಟುಬಿಡಬೇಡಿ. ಮೊದಲು ತಪಾಸಣೆ ಆಗಲಿ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆಯಿಂದಲೂ ಮರೆವು ಬರುತ್ತದೆ, ಇವಕ್ಕೆ ಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರ ಮಾನಸಿಕ ಆರೋಗ್ಯಕ್ಕೆಂದೇ ವಿಭಾಗವಿದೆ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಎಂದು ಖಚಿತವಾದರೆ ಹೋದ ನೆನಪು ಮರಳುವುದಿಲ್ಲ, ಆದರೆ ಮುಂದಿನದಕ್ಕೆ ಮನೆಯವರು ಸಿದ್ಧರಾಗಬಹುದು.

ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಉಳಿಯುತ್ತದೆ. ಬಳೆಯನ್ನು ಅವರೇ ಎಲ್ಲೋ ಎತ್ತಿಟ್ಟಿರುತ್ತಾರೆ. ಇಟ್ಟದ್ದು ಮಾತ್ರ ಮನಸ್ಸಿನಲ್ಲಿ ದಾಖಲಾಗಿರುವುದಿಲ್ಲ. ಬಳೆ ಕಾಣದಿದ್ದಾಗ ಕಣ್ಣೆದುರು ಸದಾ ಇರುವವರು ನೀವು, ಹಾಗಾಗಿ ಆರೋಪವೂ ನಿಮ್ಮ ಮೇಲೆಯೇ. ಅವರು ಬೇಕೆಂದು ಸುಳ್ಳು ಹೇಳುತ್ತಿಲ್ಲ. ‘ನಾನು ತಗೊಂಡಿಲ್ಲ’ ಎಂದು ವಾದಿಸಿ ನೀವು ಗೆಲ್ಲಲಾರಿರಿ. ‘ಅಯ್ಯೋ, ಬಳೆ ಕಾಣ್ತಿಲ್ವಾ ಅತ್ತೆ? ಬನ್ನಿ, ಇಬ್ಬರೂ ಹುಡುಕೋಣ’ ಎನ್ನಿ. ನಿಜವಾದ ಚಿನ್ನವನ್ನು ಯಜಮಾನರ ಸುಪರ್ದಿಗೆ ಕೊಟ್ಟು, ಕೈಗೆ ಉಮಾಗೋಲ್ಡ್ ಬಳೆ ಹಾಕಿಬಿಡಿ. ನೆಂಟರಿಗೂ ಮುಂಚೆಯೇ ಕಾಯಿಲೆಯ ವಿಷಯ ತಿಳಿಸಿ. ಮುಚ್ಚಿಟ್ಟಷ್ಟೂ ಅಪವಾದ ನಿಮಗೇ ತಗಲುತ್ತದೆ.

ಸಂಜೆಯ ಹಟವೂ ಹಾಗೆಯೇ. ಬೆಳಕು ಇಳಿಯುವ ಹೊತ್ತಿಗೆ ಇಂಥವರಲ್ಲಿ ಗಲಿಬಿಲಿ ಹೆಚ್ಚುತ್ತದೆ. ಅಮ್ಮ ಸತ್ತಿದ್ದಾರೆ ಎಂದು ನೀವು ಹೇಳಿದ ಪ್ರತಿ ಸಲವೂ ಆ ಸಾವಿನ ಸುದ್ದಿ ಅವರಿಗೆ ಹೊಸದು. ದಯವಿಟ್ಟು ಅದನ್ನು ನಿಲ್ಲಿಸಿ. ‘ನಿಮ್ಮಮ್ಮ ಏನು ಚೆನ್ನಾಗಿ ಅಡುಗೆ ಮಾಡ್ತಿದ್ರು?’ ಎಂದು ಕೇಳಿ. ಕತ್ತಲಾಗುವ ಮೊದಲೇ ದೀಪ ಹಾಕಿ, ಬಿಡಿಸಲು ಅವರೆಕಾಯಿ ಕೊಡಿ, ಹೂ ಕಟ್ಟಲು ಕೊಡಿ. ಕೈಗೆ ರೂಢಿಯಾದ ಕೆಲಸ ಬಹುಕಾಲ ಉಳಿಯುತ್ತದೆ. ತೀರಾ ಚಡಪಡಿಸಿದರೆ ಜೊತೆಗೆ ಬೀದಿ ಕೊನೆಯವರೆಗೆ ನಡೆದು ಬನ್ನಿ.

ಸ್ನಾನ ದಿನವೂ ಆಗಲೇಬೇಕೆಂದಿಲ್ಲ. ತಲೆಗೆ ನೀರು ಸುರಿಯಬೇಡಿ. ಪಾದದಿಂದ ಶುರುಮಾಡಿ, ಚೊಂಬು ಅವರ ಕೈಯಲ್ಲೇ ಇರಲಿ. ಬಚ್ಚಲಿನ ಒಳಚಿಲಕ ತೆಗೆಸಿ. ಸಿಲಿಂಡರಿನ ರೆಗ್ಯುಲೇಟರ್ ಆಫ್ ಆಗಿರಲಿ. ನಿಮ್ಮ ಫೋನ್ ನಂಬರು ಬರೆದ ಚೀಟಿ ಅವರ ಬಟ್ಟೆಯಲ್ಲಿ ಹೊಲಿದಿರಲಿ.

ಒಂದೆರಡು ದಿನದಲ್ಲೇ ಗೊಂದಲ ದಿಢೀರನೆ ಹೆಚ್ಚಿದರೆ ಅದನ್ನು ಮರೆವಿನ ಲೆಕ್ಕಕ್ಕೆ ಹಾಕದೆ ಕೂಡಲೇ ವೈದ್ಯರಿಗೆ ತೋರಿಸಿ. ಮೂತ್ರದ ಸೋಂಕಿನಿಂದ ಹೀಗಾಗುವುದು ಬಹಳ. ಮೆಡಿಕಲ್ ಸ್ಟೋರಿನಿಂದ ನಿದ್ದೆ ಮಾತ್ರೆ ತಂದು ಕೊಡಲೇಬೇಡಿ. ಹಿರಿಯರು ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಮನಸ್ಸನ್ನು ಶಾಂತಗೊಳಿಸುವ ಕೆಲವು ಔಷಧಿಗಳಿಂದ ಪಾರ್ಶ್ವವಾಯುವಿನ ಅಪಾಯವೂ ಹೆಚ್ಚುತ್ತದೆ.

ಇನ್ನು ಪಾಪದ ಮಾತು. ಹಗಲುರಾತ್ರಿ ಒಬ್ಬರೇ ಮಾಡುವ ಕೆಲಸವಲ್ಲ ಇದು. ನೀವು ನಿದ್ದೆಗೆಟ್ಟು ಒಂದು ದಿನ ಅವರ ಮೇಲೆ ಕೈಯೆತ್ತುವ ಸ್ಥಿತಿ ಬರುವುದಕ್ಕಿಂತ ಒಳ್ಳೆಯ ಆರೈಕೆ ಕೇಂದ್ರ ಎಷ್ಟೋ ಮೇಲು. ಆದರೆ ಸಿಕ್ಕಸಿಕ್ಕ ವೃದ್ಧಾಶ್ರಮವಲ್ಲ. ಡಿಮೆನ್ಷಿಯಾ ನೋಡಿಕೊಳ್ಳಲು ತರಬೇತಿ ಪಡೆದವರು ಅಲ್ಲಿರಬೇಕು. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಇಂಥ ಕೇಂದ್ರ ನಡೆಸುತ್ತದೆ. ಎಲ್ಲಿಗೇ ಹೋದರೂ ರಾತ್ರಿ ಎಷ್ಟು ಜನ ಎಚ್ಚರವಿರುತ್ತಾರೆ, ಕಟ್ಟಿಹಾಕುತ್ತಾರೆಯೇ, ಹೇಳದೆ ಬಂದು ನೋಡಬಹುದೇ ಎಂದು ಕೇಳಿ. ಕನ್ನಡ ಮಾತಾಡುವವರಿದ್ದಾರೆಯೇ ಎಂಬುದನ್ನಂತೂ ಮರೆಯದೆ ಕೇಳಿ. ಭಾಷೆ ಬಾರದ ಆಯಾ ಎಷ್ಟೇ ಒಳ್ಳೆಯವರಾದರೂ ನಿಮ್ಮತ್ತೆಗೆ ಅಲ್ಲಿ ಒಂಟಿತನವೇ. ಸೇರಿಸಿದರೆ, ಅವರನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು, ಕಾಫಿಗೆ ಎಷ್ಟು ಸಕ್ಕರೆ, ಯಾವ ದೇವರನಾಮ ಇಷ್ಟ ಎಂದೆಲ್ಲ ಒಂದು ಹಾಳೆಯಲ್ಲಿ ಬರೆದುಕೊಡಿ.

ಹಿರಿಯರ ಸಹಾಯವಾಣಿ 14567. ನಿಮ್ಮ ಸ್ವಂತ ಮನಸ್ಸಿನ ಭಾರಕ್ಕೆ ಟೆಲಿ ಮಾನಸ್ 14416. ಎರಡೂ ಉಚಿತ, ಟೆಲಿ ಮಾನಸ್‌ಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

ಈ ಉತ್ತರವನ್ನು ಯಜಮಾನರಿಗೆ ಓದಲು ಕೊಡಿ. ಅವರಿಗೆ ನನ್ನ ಮಾತು: ಭಾನುವಾರ ಬೆಳಗಿನಿಂದ ರಾತ್ರಿವರೆಗೆ ತಾಯಿಯ ಜವಾಬ್ದಾರಿ ನಿಮ್ಮದು, ಸ್ನಾನವೊಂದನ್ನು ಬಿಟ್ಟು, ಅದಕ್ಕೆ ಸಹಾಯಕಿಯನ್ನು ಗೊತ್ತುಮಾಡಿ. ನಾದಿನಿಯವರು ತಿಂಗಳಲ್ಲಿ ಒಂದು ವಾರ ಬಂದಿರಲಿ. ಬರಲಾಗದಿದ್ದರೆ ಆ ಸಹಾಯಕಿಯ ಸಂಬಳ ಅವರು ಕೊಡಲಿ.