ಶುಂಠಿಯ ಸೊರಗುರೋಗವೂ ಹೆಸರು ಬದಲಾದ ಸೂಕ್ಷ್ಮಜೀವಿಯೂ

ಹೋದ ಮಳೆಗಾಲದಲ್ಲಿ ಲಕ್ಕವಳ್ಳಿಯ ಕಡೆಯಿಂದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಾಡಿದ ಶುಂಠಿಯ ಗಿಡವೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಶಾಲೆಗೆ ಬಂದಳು. ಹೊಲದ ಒಂದು ಮೂಲೆಯಲ್ಲಿ ತೊಡಗಿದ ಸೊರಗು ಮಡಿಯಿಂದ ಮಡಿಗೆ ಹಬ್ಬುತ್ತಲಿತ್ತು. “ಟೀಚರೇ, ತಾವು ಬರೆಯಿಸಿದ ಟಿಪ್ಪಣಿಯಲ್ಲಿ ಈ ರೋಗಾಣುವಿಗೆ ಸ್ಯೂಡೋಮೊನಾಸ್ ಎಂದಿದೆ; ತಂಗಿಯ ಕಾಲೇಜು ಪುಸ್ತಕದಲ್ಲಿ ರಾಲ್‌ಸ್ಟೋನಿಯಾ ಎಂದಿದೆ. ಯಾವುದು ಸುಳ್ಳು?” ಎಂದು ಆಕೆ ಕೇಳಿದಳು. ಆಕೆಗೆ ಹೇಳಿದ ಉತ್ತರವನ್ನು ಉಳಿದ ವಿದ್ಯಾರ್ಥಿನಿಯರ ಹಾಗೂ ಪೋಷಕರ ಮುಂದೆಯೂ ಇಡುವುದು ಉಚಿತವೆಂದು ಭಾವಿಸುತ್ತೇವೆ.

ಮೊದಲು ರೋಗವನ್ನು ನೋಡೋಣ. ಸೊರಗಿದ ಕಾಂಡವನ್ನು ಕೊಯ್ದು, ಅದರ ತುದಿಯು ಗಾಜಿನ ಲೋಟದ ತಿಳಿನೀರಿನಲ್ಲಿ ಮುಳುಗುವಂತೆ ಹಿಡಿದರೆ, ಕೆಲವು ನಿಮಿಷಗಳಲ್ಲಿ ಹಾಲಿನಂಥ ಎಳೆಗಳು ಕೆಳಗಿಳಿಯುವುವು. ಗಿಡದ ನೀರಿನ ನಾಳಗಳನ್ನು ತುಂಬಿದ ಬ್ಯಾಕ್ಟೀರಿಯಾಗಳ ಸಮೂಹವೇ ಅದು. ನೀರು ಮೇಲೇರದೆ ಗಿಡವು ಬಾಡುವುದು. ಆದರೆ ಈ ಪರೀಕ್ಷೆಯು ಬ್ಯಾಕ್ಟೀರಿಯಾ ಇದೆಯೆಂದು ಹೇಳುವುದೇ ಹೊರತು ಅದು ಯಾವ ಕುಲದ್ದೆಂದು ಹೇಳಲಾರದು.

ಸಸ್ಯಗಳನ್ನು ಹೂ, ಎಲೆ, ಕಾಯಿಗಳಿಂದ ಗುರುತಿಸಬಹುದು. ಬ್ಯಾಕ್ಟೀರಿಯಾಗಳಿಗೆ ಅಂಥ ಅಂಗಗಳಿಲ್ಲ. ಸೂಕ್ಷ್ಮದರ್ಶಕದಲ್ಲಿ ಅನೇಕ ಪ್ರಭೇದಗಳು ಒಂದೇ ತೆರನಾದ ಸಣ್ಣ ಕಡ್ಡಿಗಳಂತೆ ತೋರುವುವು. 1896ರಲ್ಲಿ ಅಮೆರಿಕದ ಎರ್ವಿನ್ ಸ್ಮಿತ್ ಎಂಬ ವಿದ್ವಾಂಸರು ಟೊಮೇಟೊ, ಬದನೆ, ಆಲೂಗಡ್ಡೆಗಳನ್ನು ಸೊರಗಿಸುವ ಈ ಜೀವಿಯನ್ನು ವರ್ಣಿಸಿ ಬ್ಯಾಸಿಲಸ್ ಕುಲದಲ್ಲಿರಿಸಿದರು. ಬಳಿಕ ಅದು ಸ್ಯೂಡೋಮೊನಾಸ್ ಕುಲವನ್ನು ಸೇರಿ ಬಹುಕಾಲ ಅಲ್ಲಿಯೇ ಉಳಿಯಿತು.

1973ರಲ್ಲಿ ಪಲ್ಲೆರೋನಿ ಮತ್ತು ಸಂಗಡಿಗರು ಜೀವಕೋಶದ ರೈಬೋಸೋಮಿನಲ್ಲಿರುವ ಆರ್.ಎನ್.ಎ.ಯನ್ನು ಆಧಾರವಾಗಿಟ್ಟುಕೊಂಡು ಹೋಲಿಸಿದಾಗ, ಆ ಒಂದು ಕುಲದಲ್ಲಿ ಪರಸ್ಪರ ದೂರವಾದ ಐದು ಗುಂಪುಗಳು ಬೆರೆತಿರುವುದು ತಿಳಿಯಿತು. ಜಪಾನಿನ ಯಬೂಚಿ ಮತ್ತು ಸಂಗಡಿಗರು ವಂಶವಾಹಿಗಳೊಡನೆ ಕೋಶದ ಕೊಬ್ಬು ಮತ್ತು ಮೇದಾಮ್ಲಗಳನ್ನೂ ಪರೀಕ್ಷಿಸಿ, ನಮ್ಮ ಜೀವಿಯನ್ನು 1992ರಲ್ಲಿ ಬರ್ಕ್‌ಹೋಲ್ಡೇರಿಯಾ ಎಂಬ ಕುಲಕ್ಕೂ, 1995ರಲ್ಲಿ ರಾಲ್‌ಸ್ಟೋನಿಯಾ ಎಂಬ ಕುಲಕ್ಕೂ ಸೇರಿಸಿದರು.

ಕುಲದ ಒಳಗಣ ಪ್ರಭೇದಗಳನ್ನು ಬೇರ್ಪಡಿಸಲು ಇನ್ನೊಂದು ಅಳತೆಯುಂಟು. ಎರಡು ತಳಿಗಳ ಡಿ.ಎನ್.ಎ. ಎಳೆಗಳನ್ನು ಬಿಡಿಸಿ ಕೂಡಿಸಿದಾಗ ಸುಮಾರು ನೂರಕ್ಕೆ 70ರಷ್ಟಾದರೂ ಹೊಂದಿಕೊಂಡರೆ ಅವು ಒಂದೇ ಪ್ರಭೇದವೆಂದು 1987ರಿಂದ ಎಣಿಸುತ್ತ ಬಂದಿದ್ದಾರೆ. ಈ ಬಗೆಯ ಹೋಲಿಕೆಯಿಂದ 2014ರಲ್ಲಿ ಹಳೆಯ ಒಂದು ಪ್ರಭೇದವು ಮೂರಾಗಿ ವಿಭಾಗವಾಯಿತು. ಅಮೆರಿಕ ಮೂಲದ ಗುಂಪಿಗೆ ಸೊಲನೇಸಿಯಾರಂ ಎಂಬ ಹಳೆಯ ಹೆಸರೇ ಉಳಿಯಿತು. ಏಷ್ಯಾ ಮತ್ತು ಆಫ್ರಿಕ ಮೂಲದ ಗುಂಪುಗಳು ಸ್ಯೂಡೋಸೊಲನೇಸಿಯಾರಂ ಎನಿಸಿದುವು. ಇಂಡೊನೇಷ್ಯದ ಗುಂಪು ಮೂರನೆಯದು. ನಮ್ಮ ನಾಡಿನ ಶುಂಠಿಯನ್ನು ಕೆಡಿಸುವುದು ಎರಡನೆಯದು.

ಹೆಸರು ಬದಲಿಸಿದುದರಿಂದ ಒಕ್ಕಲಿಗನಿಗೇನು ಲಾಭವೆಂದು ಕೇಳಬಹುದು. ಕೇರಳದಲ್ಲಿ ಏಲಕ್ಕಿಯ ಗಿಡಗಳು ಸೊರಗಿದಾಗ, ಅಲ್ಲಿ ದೊರೆತ ರೋಗಾಣುವು ಶುಂಠಿಯ ರೋಗಾಣುವಿನ ನಿಕಟ ಬಂಧುವೆಂದು ವಂಶವಾಹಿಗಳ ಪರೀಕ್ಷೆಯು ತೋರಿಸಿತು. ಏಲಕ್ಕಿಯ ಪಕ್ಕದಲ್ಲಿ ಶುಂಠಿ ಹಾಕುವ ಮಲೆನಾಡಿನ ಮನೆಗಳಿಗೆ ಇದು ಎಚ್ಚರಿಕೆಯ ಮಾತಲ್ಲವೇ? ಬಂಧುತ್ವವು ತಿಳಿದರೆ ರೋಗವು ಎಲ್ಲಿಂದ ಬಂದಿತು, ಮುಂದೆ ಯಾವ ಬೆಳೆಗೆ ಹೋದೀತು ಎಂಬುದನ್ನು ಊಹಿಸಬಹುದು.

ಸೊರಗಿದ ಗಿಡವನ್ನು ಮತ್ತೆ ಚಿಗುರಿಸುವ ಔಷಧವಿಲ್ಲ. ರೋಗವಿಲ್ಲದ ಹೊಲದ ಗಡ್ಡೆಯನ್ನೇ ಬಿತ್ತನೆಗೆ ಆರಿಸುವುದು, ರೋಗ ಬಂದ ನೆಲದಲ್ಲಿ ಮರುವರ್ಷ ಶುಂಠಿಯನ್ನಾಗಲಿ ಟೊಮೇಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆಗಳನ್ನಾಗಲಿ ಹಾಕದಿರುವುದು, ಅಲ್ಲಿಯ ನೀರು ಬೇರೆ ಮಡಿಗಳಿಗೆ ಹರಿಯದಂತೆ ಕಾಲುವೆ ತೆಗೆಯುವುದು, ಇವೇ ನಮ್ಮ ಕೈಯಲ್ಲಿರುವ ಉಪಾಯಗಳು.

ನಾವು ಬರೆಯಿಸಿದುದು ಸುಳ್ಳಲ್ಲ. ನಾವು ಓದಿದ ಪುಸ್ತಕದಲ್ಲಿದ್ದುದು ಆ ಹೆಸರೇ. ಆದರೆ ಅದು ಆಗಲೇ ಹಳೆಯದಾಗಿತ್ತು. ವಿಚಾರಿಸದೆ ಬರೆಯಿಸಿದುದು ನಮ್ಮ ತಪ್ಪು. ಆ ಟಿಪ್ಪಣಿ ಪುಸ್ತಕವನ್ನು ಇನ್ನೂ ಇಟ್ಟುಕೊಂಡಿರುವವರು ದಯವಿಟ್ಟು ಅಲ್ಲಿ ಒಂದು ಗೆರೆಯೆಳೆದು, ಪಕ್ಕದಲ್ಲಿ ಹೊಸ ಹೆಸರನ್ನು ಬರೆದುಕೊಳ್ಳಿರಿ.