ಮನೆಯ ಕಾರ್ಯಾಗಾರಕ್ಕೆ ಸಣ್ಣ ಸಿ.ಎನ್.ಸಿ. ಯಂತ್ರ

ವಾಗಳೆ ಎಸ್ಟೇಟಿನ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಸಿ.ಎನ್.ಸಿ. ಯಂತ್ರದ ಪರಿಚಯ ಮಾಡಿಕೊಡಬೇಕಾದುದಿಲ್ಲ. ಮೇಜಿನ ಮೇಲೆ ಇಡಬಹುದಾದಷ್ಟು ಸಣ್ಣ ಯಂತ್ರಗಳೂ ಈಗ ಮಾರುಕಟ್ಟೆಯಲ್ಲಿ ದೊರೆಯುತ್ತಿರುವುದರಿಂದ, ರಜೆಯ ದಿನಗಳಲ್ಲಿ ಮನೆಯಲ್ಲಿಯೇ ನಾಮಫಲಕ, ಮರದ ಕೆತ್ತನೆ ಮುಂತಾದವನ್ನು ಮಾಡಿ ನಾಲ್ಕು ಕಾಸು ಸಂಪಾದಿಸಬೇಕೆಂಬ ಆಸೆ ಯಾರಿಗಾದರೂ ಹುಟ್ಟುವುದು ಸಹಜ. ಆಸೆ ಒಳ್ಳೆಯದೇ. ಆದರೆ ಸಂಬಳದಲ್ಲಿ ಉಳಿಸಿದ ಹಣ ಕೈಬಿಡುವ ಮುನ್ನ ಕೆಲವು ಲೆಕ್ಕಗಳನ್ನು ತಿಳಿದಿರುವುದು ಅವಶ್ಯ.

ಅಂಕೆಗಳ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಅಮೆರಿಕದ ಎಂ.ಐ.ಟಿ. ಸಂಸ್ಥೆಯವರು ೧೯೫೨ರಲ್ಲಿ ಪ್ರದರ್ಶಿಸಿದರು. ಆಗ ಅದರ ನಿಯಂತ್ರಕವು ಯಂತ್ರಕ್ಕಿಂತಲೂ ಹೆಚ್ಚು ಸ್ಥಳ ಹಿಡಿಯುತ್ತಿತ್ತು. ಇಂದು ಅಂಗೈಯಗಲದ ಆರ್ಡುಯಿನೋ ಫಲಕವೊಂದು, ಉಚಿತವಾಗಿ ದೊರೆಯುವ ಜಿ.ಆರ್.ಬಿ.ಎಲ್. ಎಂಬ ತಂತ್ರಾಂಶದ ನೆರವಿನಿಂದ ಮೂರು ಅಕ್ಷಗಳನ್ನು ನಡೆಸಬಲ್ಲದು. ಆದಕಾರಣ ಸಣ್ಣ ಯಂತ್ರಗಳ ತಾರತಮ್ಯವಿರುವುದು ಹೆಚ್ಚಾಗಿ ನಿಯಂತ್ರಕದಲ್ಲಲ್ಲ. ಚೌಕಟ್ಟು, ಸರಳು, ಸ್ಕ್ರೂಗಳಲ್ಲಿ. ಕೊಳ್ಳುವವರ ಕಣ್ಣು ಮೊದಲು ಬೀಳಬೇಕಾದುದು ಅಲ್ಲಿಯೇ.

೧. ಯಾವ ಕೆಲಸಕ್ಕೆ?

ಮರ, ಅಕ್ರಿಲಿಕ್, ವಿದ್ಯುನ್ಮಂಡಲದ ಫಲಕ ಇವಿಷ್ಟೇ ಆದರೆ ‘೩೦೧೮’ ಎಂಬ ಮಾದರಿ ಸಾಕು. ೩೦೦ ಮತ್ತು ೧೮೦ ಮಿ.ಮೀ. ಕೆಲಸದ ಜಾಗವುಳ್ಳದ್ದೆಂದು ಆ ಹೆಸರು. ಅಲ್ಯುಮಿನಿಯಂ ಕತ್ತರಿಸಬೇಕಾದರೆ ಇದಕ್ಕಿಂತ ಬಹಳ ಗಟ್ಟಿಯಾದ ಯಂತ್ರ ಬೇಕು. ಉಕ್ಕಿನ ಕೆಲಸವನ್ನು ಹೊರಗಿನ ವರ್ಕ್‌ಶಾಪಿಗೆ ಕೊಟ್ಟು ಮಾಡಿಸುವುದೇ ಲೇಸು.

೨. ಗಟ್ಟಿತನ

ಎರಡು ತುದಿಗಳಲ್ಲಿ ಮಾತ್ರ ಆಧಾರವಿರುವ ದುಂಡು ಸರಳಿನ ನಡುವೆ ಭಾರ ಬಿದ್ದರೆ ಅದು ಬಾಗುತ್ತದೆ. ಉದ್ದ ಇಮ್ಮಡಿಯಾದರೆ ಬಾಗು ಎಂಟುಪಟ್ಟಾಗುತ್ತದೆ. ದಪ್ಪ ಇಮ್ಮಡಿಯಾದರೆ ಹದಿನಾರನೆಯ ಒಂದು ಪಾಲಿಗಿಳಿಯುತ್ತದೆ. ಅದೇ ತೆಳು ಸರಳುಗಳ ಮೇಲೆ ದೊಡ್ಡ ಬೆಡ್ ಇಟ್ಟು ಮಾರುವ ಯಂತ್ರ ಏಕೆ ಲಾಭವಲ್ಲವೆಂಬುದು ಇದರಿಂದ ಸ್ಪಷ್ಟ. ಉದ್ದಕ್ಕೂ ಚೌಕಟ್ಟಿಗೆ ಬೋಲ್ಟ್ ಮಾಡಿದ ಲೀನಿಯರ್ ರೈಲು ಉತ್ತಮ.

೩. ಹೆಜ್ಜೆಯ ಲೆಕ್ಕ

ಸಾಮಾನ್ಯ ಸ್ಟೆಪ್ಪರ್ ಮೋಟಾರು ಒಂದು ಸುತ್ತಿಗೆ ೨೦೦ ಹೆಜ್ಜೆ ಇಡುತ್ತದೆ. ಡ್ರೈವರ್ ಒಂದೊಂದು ಹೆಜ್ಜೆಯನ್ನೂ ೮ ಭಾಗ ಮಾಡಿದರೆ ೧೬೦೦ ಆಯಿತು. ಒಂದು ಸುತ್ತಿಗೆ ಸ್ಕ್ರೂ ೮ ಮಿ.ಮೀ. ಸಾಗಿಸಿದರೆ, ಒಂದು ಮಿ.ಮೀ.ಗೆ ೨೦೦ ಹೆಜ್ಜೆ. ಅಂದರೆ ಹೆಜ್ಜೆಗೆ ೦.೦೦೫ ಮಿ.ಮೀ. ಇದನ್ನೇ ಯಂತ್ರದ ನಿಖರತೆಯೆಂದು ನಂಬಕೂಡದು. ಇದು ಕಾಗದದ ಮೇಲಿನ ಭಾಗಾಕಾರ ಮಾತ್ರ. ಸ್ಕ್ರೂ ಮತ್ತು ನಟ್ಟಿನ ನಡುವಣ ಸಡಿಲು ಈ ಲೆಕ್ಕದಲ್ಲಿ ಸೇರಿಲ್ಲ.

ಅದನ್ನು ಅಳೆಯುವುದು ಸುಲಭ. ಯಂತ್ರವನ್ನು ಒಂದೇ ದಿಕ್ಕಿನಲ್ಲಿ ಸಾಗಿಸಿ ಡಯಲ್ ಗೇಜಿಗೆ ಒತ್ತಿ, ಮುಳ್ಳನ್ನು ಸೊನ್ನೆಗೆ ತನ್ನಿರಿ. ಬಳಿಕ ೦.೫೦ ಮಿ.ಮೀ. ಹಿಂದೆ ಸರಿಯಲು ಆಜ್ಞೆ ಕೊಡಿರಿ. ಮುಳ್ಳು ೦.೪೨ ಮಾತ್ರ ತೋರಿಸಿದರೆ ೦.೦೮ ಸಡಿಲಿದೆಯೆಂದರ್ಥ. ಇಂಥ ಯಂತ್ರದಲ್ಲಿ ಕೊರೆದ ರಂಧ್ರ ಸರಿಯಾಗಿ ದುಂಡಗಾಗದು, ಬೇರಿಂಗ್ ಕೂರದು. ಸ್ಪ್ರಿಂಗ್ ಇರುವ ಜೋಡಿ ನಟ್ಟು ಅಥವಾ ಬಾಲ್ ಸ್ಕ್ರೂ ಇದಕ್ಕೆ ಪರಿಹಾರ.

೪. ಕೊಳ್ಳುವುದೋ, ಕಟ್ಟುವುದೋ?

ಕಟ್ಟುವವರಿಗೆ ಮುಂಬಯಿ ದೂರವಲ್ಲ. ಬೇರಿಂಗ್, ಹಾರ್ಡ್‌ವೇರುಗಳಿಗೆ ಮಸ್ಜಿದ್ ನಿಲ್ದಾಣದ ಬಳಿಯ ನಾಗದೇವಿ ಬೀದಿಯೂ, ಎಲೆಕ್ಟ್ರಾನಿಕ್ ಸಾಮಾನಿಗೆ ಗ್ರಾಂಟ್ ರೋಡಿನ ಬಳಿಯ ಲ್ಯಾಮಿಂಗ್ಟನ್ ರೋಡೂ ಉಂಟು. ಚೌಕಟ್ಟು ಜೋಡಿಸಿದ ಮೇಲೆ ಎರಡು ಕರ್ಣಗಳನ್ನೂ ಅಳೆಯಿರಿ. ಎದುರುಬದುರು ಬದಿಗಳ ಜೊತೆಗೆ ಅವೂ ಸಮವಾದಾಗಲೇ ಮೂಲೆಗಳು ನೇರ. ಕಟ್ಟುವುದರಿಂದ ವಿದ್ಯೆ ಬರುತ್ತದೆ, ಆದರೆ ತಿಂಗಳುಗಳು ಹಿಡಿಯಬಹುದು. ಬೇಗ ಕೆಲಸ ಆರಂಭಿಸಬೇಕಾದವರು ಜೋಡಣೆಗೆ ಸಿದ್ಧವಾದ ಕಿಟ್ ಕೊಳ್ಳುವುದು ವಾಸಿ.

೫. ಇದು ಮನೆ

ಮರದ ಹುಡಿ, ಅದರಲ್ಲೂ ಎಂ.ಡಿ.ಎಫ್. ಹುಡಿ, ಶ್ವಾಸಕೋಶಕ್ಕೆ ಕೆಡುಕು. ಅಡಿಗೆಯೂ ನಿದ್ರೆಯೂ ಒಂದೇ ಕೋಣೆಯಲ್ಲಾದರೆ ಮುಚ್ಚಿದ ಪೆಟ್ಟಿಗೆಯೂ ಹುಡಿ ಹೀರುವ ಸಾಧನವೂ ಇಲ್ಲದೆ ಯಂತ್ರ ನಡೆಸಬಾರದು. ಅರ್ಥಿಂಗ್, ಕೈಗೆಟಕುವ ನಿಲುಗಡೆಯ ಸ್ವಿಚ್ಚು, ಕಣ್ಣಿಗೆ ಕನ್ನಡಕ ಇವು ತಪ್ಪದೆ ಇರತಕ್ಕದ್ದು. ತಿರುಗುವ ಸ್ಪಿಂಡಲಿನ ಬಳಿ ಕೈಗವಸು ಕೂಡದು. ಸದ್ದಿನ ವಿಷಯದಲ್ಲಿ ನೆರೆಯವರನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಕಡೆಯದಾಗಿ ಒಂದು ಸೂಚನೆ. ಫ್ರೀಕ್ಯಾಡ್ ಎಂಬ ಉಚಿತ ತಂತ್ರಾಂಶದಲ್ಲಿ ನಕ್ಷೆ ಬರೆಯುವುದನ್ನೂ, ಉಪಕರಣದ ಹಾದಿ ಗುರುತಿಸುವುದನ್ನೂ ಯಂತ್ರವಿಲ್ಲದೆಯೇ ಕಲಿಯಬಹುದು. ಎರಡು ತಿಂಗಳು ಅದನ್ನು ಅಭ್ಯಾಸ ಮಾಡಿರಿ. ನಿಮ್ಮ ಕೆಲಸಕ್ಕೆ ಗಿರಾಕಿ ಉಂಟೇ ಎಂದು ವಿಚಾರಿಸಿರಿ. ಉಂಟೆಂದಾದರೆ ಆಗ ಹಣ ತೆಗೆಯಿರಿ. ಸಾಲ ಮಾಡಿ ತಂದ ಯಂತ್ರ ಸುಮ್ಮನೆ ನಿಂತರೂ ಬಡ್ಡಿ ನಿಲ್ಲುವುದಿಲ್ಲ.