ಫ್ರಾಗ್‌ಫಿಶ್ ಸಾಕಿ ಗೆಲ್ಲಲು 7 ಸೂತ್ರಗಳು

ಕಲ್ಲಿಗಂಟಿದ ಸ್ಪಂಜಿನ ತುಂಡು ಎಂದುಕೊಳ್ಳುತ್ತೀರಿ. ಅದು ಮೀನು. ಹಣೆಯ ಮೇಲಿನ ಸಣ್ಣ ಕಡ್ಡಿಯನ್ನು ಅಲ್ಲಾಡಿಸಿ, ತುದಿಯಲ್ಲಿರುವ ಹುಳುವಿನಂಥ ಆಮಿಷ ತೋರಿಸಿ ಬೇಟೆಯನ್ನು ಹತ್ತಿರ ಕರೆಯುತ್ತದೆ. ಬೇಟೆ ಬಂದರೆ ಸುಮಾರು 6 ಮಿಲಿಸೆಕೆಂಡಿನಲ್ಲಿ ಬಾಯೊಳಗೆ ಎಳೆದುಕೊಂಡಿರುತ್ತದೆ! ಇಂಥ ಬೇಟೆಗಾರ ನಿಮ್ಮ ಮನೆಯಲ್ಲೂ ಬದುಕಬಲ್ಲದು. "ನನ್ನ ಕೈಲಿ ಆಗುತ್ತಾ?" ಅನ್ನುವುದು ಒಂದು ಅಭ್ಯಾಸ, ಅಷ್ಟೇ. ಅದನ್ನು ಇವತ್ತೇ ಬಿಡಿ, ಕೆಲಸ ಶುರುಮಾಡಿ.

1. ಜಾತಿ ನೋಡಿ ಆರಿಸಿ, ಬಣ್ಣ ನೋಡಿ ಅಲ್ಲ.
ವಾರ್ಟ್‌ಸ್ಕಿನ್ ಫ್ರಾಗ್‌ಫಿಶ್ ಸುಮಾರು 15 ಸೆಂ.ಮೀ. ಒಳಗೇ ನಿಲ್ಲುತ್ತದೆ, 120 ಲೀಟರ್ ಟ್ಯಾಂಕ್ ಸಾಕು. ಜೈಂಟ್ ಫ್ರಾಗ್‌ಫಿಶ್ 30 ಸೆಂ.ಮೀ. ದಾಟುತ್ತದೆ, ಮೊದಲ ಸಲಕ್ಕೆ ಅದು ಬೇಡ. ಹಳದಿ, ಕೆಂಪು ಎಂದು ಹೆಚ್ಚಿಗೆ ದುಡ್ಡು ಕೊಡಬೇಡಿ. ಸುತ್ತಲಿನ ಕಲ್ಲಿಗೆ ಹೊಂದಿಕೊಳ್ಳುತ್ತ ಕೆಲವೇ ವಾರಗಳಲ್ಲಿ ಅದರ ಬಣ್ಣ ಬದಲಾಗಬಹುದು.

2. ಮೊದಲು ನೀರು, ಆಮೇಲೆ ಮೀನು.
ಬೋರ್‌ವೆಲ್ ನೀರು ಬಿಡಿ, ಆರ್‌ಒ ನೀರು ಹಿಡಿಯಿರಿ. ಲೀಟರಿಗೆ ಸುಮಾರು 35 ಗ್ರಾಂ ಮೆರೈನ್ ಸಾಲ್ಟ್ ಬೆರೆಸಿ, ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ 1.025 ತೋರಿಸಲಿ. ಅಡುಗೆ ಉಪ್ಪು ನಡೆಯುವುದಿಲ್ಲ. ಸಮುದ್ರದ ಉಳಿದ ಖನಿಜಗಳು ಅದರಲ್ಲಿಲ್ಲ. ಟ್ಯಾಂಕನ್ನು 4ರಿಂದ 6 ವಾರ ಸೈಕಲ್ ಮಾಡಿ, ಅಂದರೆ ಗಲೀಜು ಕರಗಿಸುವ ಬ್ಯಾಕ್ಟೀರಿಯಾ ಬೆಳೆಯಲು ಬಿಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲಷ್ಟೇ ಅಂಗಡಿ ಕಡೆ ಹೋಗಿ. ಇಡೀ ಮೀನು ನುಂಗುವ ಪ್ರಾಣಿ ಗಲೀಜೂ ಹೆಚ್ಚು ಮಾಡುತ್ತದೆ, ಹಾಗಾಗಿ ಪ್ರೋಟೀನ್ ಸ್ಕಿಮ್ಮರ್ ಹಾಕಲೇಬೇಕು. ತಾಪಮಾನ 24ರಿಂದ 26 ಡಿಗ್ರಿ. ಮಂಗಳೂರಿನ ಸೆಕೆಯಲ್ಲಿ ಇದಕ್ಕೆ ಚಿಲ್ಲರ್ ಬೇಕಾಗುತ್ತದೆ, ಬಜೆಟ್‌ನಲ್ಲಿ ಮೊದಲೇ ಸೇರಿಸಿ. ಕರೆಂಟ್ ಹೋದಾಗ ನಡೆಯುವ ಬ್ಯಾಟರಿ ಏರ್ ಪಂಪ್ ಒಂದಿರಲಿ.

3. ಹವಳ ಮುಟ್ಟಬೇಡಿ.
ಭಾರತದಲ್ಲಿ ಬಂಡೆ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಯಾರೋ "ಸಿಗುತ್ತೆ ಸಾರ್" ಅಂದರೂ ಬೇಡ ಅನ್ನಿ. ಸೆರಾಮಿಕ್ ಕಲ್ಲು ಸಾಕು. ಫ್ರಾಗ್‌ಫಿಶ್‌ಗೆ ಬೇಕಿರುವುದು ಕೂರಲು ಒಂದು ಗಟ್ಟಿ ಜಾಗ.

4. ಒಂಟಿಯಾಗಿಡಿ.
ತನ್ನಷ್ಟೇ ಉದ್ದದ ಮೀನನ್ನೂ ಇದು ನುಂಗಬಲ್ಲದು. ಕ್ಲೌನ್‌ಫಿಶ್ ಜೊತೆಗಿಟ್ಟರೆ ಬೆಳಿಗ್ಗೆಗೆ ಕಾಣುವುದಿಲ್ಲ. ಇನ್ನೊಂದು ಫ್ರಾಗ್‌ಫಿಶ್ ಕೂಡ ಇದಕ್ಕೆ ಊಟವೇ.

5. ತಿನ್ನುವುದನ್ನು ಕಣ್ಣಾರೆ ನೋಡಿ, ಆಮೇಲೆ ದುಡ್ಡು ಕೊಡಿ.
ಅಂಗಡಿಯವರಿಗೆ ನೇರವಾಗಿ ಹೇಳಿ: "ಒಂದು ಸಲ ಊಟ ಹಾಕಿ ತೋರಿಸಿ." ಸಂಕೋಚ ಬೇಡ. ತಿನ್ನದ ಮೀನನ್ನು ತಂದರೆ ಮೊದಲ ದಿನದಿಂದಲೇ ಹಿಂದೆ ಬೀಳುತ್ತೀರಿ.

6. ನೀರಿನಿಂದ ಮೇಲೆತ್ತಬೇಡಿ.
ಬಲೆ ಪಕ್ಕಕ್ಕಿಡಿ. ಪ್ಲಾಸ್ಟಿಕ್ ಡಬ್ಬಿ ಮುಳುಗಿಸಿ, ಮೀನನ್ನು ನೀರಿನ ಸಮೇತ ಸಾಗಿಸಿ. ಹೊರಗೆ ತೆಗೆದರೆ ಅದು ಗಾಳಿ ನುಂಗಬಹುದು. ಒಳಗೆ ಸಿಕ್ಕಿಕೊಂಡ ಗಾಳಿಯಿಂದ ಮೀನು ತೇಲತೊಡಗುತ್ತದೆ, ಸಾಯಲೂಬಹುದು.

7. ಕಡಿಮೆ ತಿನ್ನಿಸಿ.
ಗೆಲುವು, ಸೋಲು ತೀರ್ಮಾನವಾಗುವುದು ಇಲ್ಲೇ. ಫ್ರಾಗ್‌ಫಿಶ್ ಎಷ್ಟು ಹಾಕಿದರೂ ತಿನ್ನುತ್ತದೆ. ಅತಿ ದೊಡ್ಡ ಬೇಟೆ ನುಂಗಿ ಅದರಿಂದಲೇ ಸಾಯುವುದೂ ಉಂಟು. ಅದಕ್ಕೆ ಮಿತಿ ಗೊತ್ತಿಲ್ಲ, ನಿಮಗೆ ಗೊತ್ತಿರಬೇಕು. ಬೆಳೆದ ಮೀನಿಗೆ ವಾರಕ್ಕೆ ಎರಡು ಅಥವಾ ಮೂರು ಊಟ ಸಾಕು. ಒಂದು ತುತ್ತು ಅದರ ಉದ್ದದ ಮೂರನೇ ಒಂದು ಭಾಗ ಮೀರದಿರಲಿ.

ಹೊಸದಾಗಿ ಬಂದದ್ದಕ್ಕೆ ಜೀವಂತ ಸಿಗಡಿ ಹಾಕಿ. ಹಾಕುವ ಮೊದಲು ಆ ಸಿಗಡಿಗೂ ಚೆನ್ನಾಗಿ ತಿನ್ನಿಸಿ. ಅದರ ಹೊಟ್ಟೆಯಲ್ಲಿದ್ದದ್ದೇ ನಿಮ್ಮ ಮೀನಿಗೆ ಪೋಷಣೆ. ನಿಧಾನಕ್ಕೆ, ಕರಗಿಸಿದ ಫ್ರೋಜನ್ ಸಿಗಡಿಗೆ ಬದಲಿಸಿ: ಉದ್ದ ಚಿಮಟದಲ್ಲಿ ಹಿಡಿದು ಮುಖದ ಮುಂದೆ ಮೆಲ್ಲಗೆ ಆಡಿಸಿ. ಕೆಲವು ಒಂದು ವಾರದಲ್ಲಿ ಕಲಿಯುತ್ತವೆ, ಕೆಲವಕ್ಕೆ ತಿಂಗಳುಗಳೇ ಬೇಕು. ಬಿಡಬೇಡಿ. ಅಗ್ಗಕ್ಕೆ ಸಿಗುತ್ತದೆಂದು ಗೋಲ್ಡ್‌ಫಿಶ್ ಹಾಕಬೇಡಿ. ಅದರಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ವಿಟಮಿನ್ ಬಿ1 ಅನ್ನು ನಾಶ ಮಾಡುತ್ತದೆ.

ಬಾಯಿ ಅಗಲಿಸಿ ಆಕಳಿಸಿದರೆ ಹಸಿವು ಎಂದುಕೊಳ್ಳಬೇಡಿ. ಹಲವು ಸಲ ಅದು ಗಾಬರಿಯ, ಬೆದರಿಕೆಯ ಗುರುತು. ಪ್ರತಿ ಊಟದ ದಿನಾಂಕವನ್ನು ಫೋನಿನಲ್ಲಿ ಬರೆದಿಡಿ. ಹೊಟ್ಟೆ ಇನ್ನೂ ಉಬ್ಬಿಯೇ ಇದ್ದರೆ ಇವತ್ತಿನ ಊಟ ರದ್ದು, ಅದು ಎಷ್ಟೇ ಕಡ್ಡಿ ಅಲ್ಲಾಡಿಸಿ ಕರೆದರೂ.